ಜ್ವರಕ್ಕೆ ಕೂತ ಕೂಸು

ನಿವೃತ್ತಿಯ ದಿನ ನನಗೆ ಶಾಲು ಹೊದಿಸಿ ಮಾತಾಡಿದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು: ಸುಲೋಚನಾ ಸಿಸ್ಟರ್ ಕೈಗುಣ ದೊಡ್ಡದು. ನನ್ನ ಕೈಗುಣದ ವಿಚಾರ ನನಗೆ ಗೊತ್ತಿಲ್ಲ, ಕಿವಿಗುಣದ ವಿಚಾರ ಮಾತ್ರ ಚೆನ್ನಾಗಿ ಗೊತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಹೆರಿಗೆ ವಾರ್ಡಿನಲ್ಲಿ ಪಳಗಿದ ಈ ಕಿವಿ ಒಂದು ಬೆಳಿಗ್ಗೆ ಎಲ್ಲರಿಗೂ ತಿಳಿದಿರುವ ಒಂದು ಪದವನ್ನು ತಪ್ಪಾಗಿ ಹಿಡಿಯಿತು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರು ನನ್ನನ್ನು ಪಾಳಿ, ರಜೆ, ವರ್ಗಾವಣೆಗಳ ಬಗ್ಗೆ ಕೇಳುತ್ತಾರೆ. ಅದನ್ನೆಲ್ಲ ಯಾರು ಬೇಕಾದರೂ ಹೇಳಬಹುದು. ನಾನು ಆ ಪದದ ಬಗ್ಗೆ ಬರೆಯುತ್ತೇನೆ.

ನಮ್ಮದು ಚಿಕ್ಕಬಳ್ಳಾಪುರದ ಮೇಷ್ಟ್ರ ಮನೆ. ಅಲ್ಲಿನ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಆಮೇಲೆ ನರ್ಸಿಂಗ್ ಸೇರಿದೆ. ಹೆಚ್ಚಿನ ವರ್ಷ ಕಳೆದದ್ದು ಗೌರಿಬಿದನೂರಿನ ಕಡೆ. ಕೊನೆಯ ಆರು ವರ್ಷ ಶಿಡ್ಲಘಟ್ಟದ ಸೀಮೆಯ ಒಂದು ಆಸ್ಪತ್ರೆಗೆ ದಿನಾ ಬಸ್ಸಿನಲ್ಲಿ ಓಡಾಡಿದೆ. ಯಾವಾಗ ಯಾವ ಬಡ್ತಿ ಸಿಕ್ಕಿತು ಎಂಬುದು ಸೇವಾ ಪುಸ್ತಕದಲ್ಲಿದೆ, ಅಲ್ಲೇ ಇರಲಿ.

ಮಗು ಹೊಟ್ಟೆಯಲ್ಲೇ ತೀರಿಕೊಂಡರೆ ಏನು ಮಾಡಬೇಕು ಎಂದು ನಮಗೆ ಯಾರೂ ಕಲಿಸಿರಲಿಲ್ಲ. ಮಾಡುತ್ತಿದ್ದುದು ಇಷ್ಟು: ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹಿಂದಿನ ಬಾಗಿಲಿನಿಂದ ಮನೆಯ ಗಂಡಸರ ಕೈಗೆ ಕೊಡುವುದು, ತಾಯಿಗೆ ತೋರಿಸದೆ ಇರುವುದು, ಅವಳನ್ನು ಎಲ್ಲ ಬಾಣಂತಿಯರ ನಡುವಿನ ಮಂಚಕ್ಕೇ ಮಲಗಿಸುವುದು. ಇದೇ ಕರುಣೆ ಅಂದುಕೊಂಡಿದ್ದೆವು. ನನ್ನ ಬಳಿ ಒಂದು ಸಿದ್ಧ ಮಾತೂ ಇತ್ತು: ಇನ್ನೂ ವಯಸ್ಸಿದೆ ಕಣಮ್ಮ, ಬರೋ ವರ್ಷ ಇಷ್ಟೊತ್ತಿಗೆ ಮಡಿಲು ತುಂಬಿರುತ್ತೆ. ಗೌರಿಬಿದನೂರಿನಲ್ಲಿ ಒಬ್ಬಳು ಮುಖ ತಿರುಗಿಸದೆಯೇ ಕೇಳಿದಳು, "ನಿಮ್ಮ ಮನೇಲಿ ಯಾರಾದ್ರೂ ಹೋದ್ರೆ, ಇನ್ನೊಬ್ರು ಬರ್ತಾರೆ ಬಿಡಿ ಅಂತ ನಾನು ಹೇಳಲಾ ಸಿಸ್ಟರ್?" ಅಂದಿನಿಂದ ಆ ಮಾತು ಬಿಟ್ಟೆ. ಅದರ ಜಾಗದಲ್ಲಿ ಏನು ಹೇಳಬೇಕೆಂದು ಗೊತ್ತಿಲ್ಲದೆ ಬಹಳ ವರ್ಷ ಸುಮ್ಮನೆ ಡ್ರಿಪ್ಪು ಸರಿ ಮಾಡುತ್ತಾ ನಿಂತಿದ್ದೆ.

ಶಿಡ್ಲಘಟ್ಟದ ಕಡೆ ಬಂದಾಗ ಅಲ್ಲಿದ್ದ ಡಾಕ್ಟರು ಇದನ್ನೆಲ್ಲ ಬದಲಾಯಿಸಿದರು. ನಾವೆಲ್ಲ ಅವರನ್ನು ದೊಡ್ಡ ಡಾಕ್ಟ್ರಮ್ಮ ಎನ್ನುತ್ತಿದ್ದೆವು, ಆಸ್ಪತ್ರೆಯಲ್ಲೇ ಕುಳ್ಳಗಿದ್ದವರು ಅವರೇ ಆದರೂ. ಮೂರು ಕಟ್ಟಳೆ ಹಾಕಿದರು. ಮಗುವನ್ನು ನೋಡ್ತೀಯಾ ಎಂದು ತಾಯಿಯನ್ನೇ ಕೇಳಬೇಕು. ಅವಳಿಗೆ ಜಗಲಿ ಪಕ್ಕದ, ಮಕ್ಕಳ ಅಳು ಕೇಳಿಸದ ಮಂಚ ಕೊಡಬೇಕು. ಮತ್ತೆ, ಏನೇ ಹೇಳುವುದಿದ್ದರೂ ಕೂತು ಹೇಳಬೇಕು. ಈ ಮೂರನೆಯದಕ್ಕೆ ನಾನು ಗೊಣಗಿದೆ, ವಾರ್ಡಿನಲ್ಲಿ ಕೂರಲು ಒಂದು ಸ್ಟೂಲೂ ಇರಲಿಲ್ಲ. ಆಯಾ ಪಾಪಮ್ಮ ಹೋಗಿ, ಗುಮಾಸ್ತರು ಕಾಲು ಚಾಚಿಕೊಳ್ಳುತ್ತಿದ್ದ ಸ್ಟೂಲನ್ನು ಎಳೆದು ತಂದಳು. ಅವರು ಕೇಳಲು ಬಂದಾಗ, "ನಿಮ್ಮ ಕಾಲಿಗಿಂತ ನಮ್ಮ ಸಿಸ್ಟರ್ ದೊಡ್ಡೋರಲ್ವೇನಪ್ಪ" ಅಂದಳು. ಅದು ನನ್ನ ಬಗ್ಗೆ ಅವಳಾಡಿದ ಒಂದೇ ಹೊಗಳಿಕೆ.

ಆ ಸ್ಟೂಲಿನ ಮೇಲೆ ನಾನು ಮೊದಲು ಕೂತದ್ದು ಮೇಲೂರಿನ ಮಂಜುಳನ ಮುಂದೆ. ರೇಷ್ಮೆ ಹುಳು ಸಾಕುವ ಮನೆಯ ಸೊಸೆ, ಎಂಟು ತಿಂಗಳು ತುಂಬಿತ್ತು. ವಾರದಿಂದ ತಲೆನೋವು, ಕಾಲು ಊತ. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಅಂದುಕೊಂಡು ಮನೆಯಲ್ಲೇ ಇದ್ದಳು. ಬಂದಾಗ ಬಿ.ಪಿ. ಏರಿತ್ತು, ಮಗುವಿನ ಎದೆಬಡಿತ ಇರಲಿಲ್ಲ. ಮರುದಿನ ಹೆರಿಗೆಯಾಯಿತು, ಹೆಣ್ಣು ಕೂಸು. ನಾನು ಕೂತು ಕೇಳಿದೆ, ನೋಡ್ತೀಯೇನಮ್ಮ ಅಂತ. ಅತ್ತೆ ಮುನಿರತ್ನಮ್ಮ ಬೇಡವೆಂದು ಅಡ್ಡ ಬಂದರು. ನೋಡಿದರೆ ಮನಸ್ಸಿಗೆ ಅಂಟಿಕೊಳ್ಳುತ್ತದೆ ಎಂಬುದು ಅವರ ಭಯ.

ಮಂಜುಳ ಹೇಳಿದಳು, "ಎಂಟು ತಿಂಗಳಿಂದ ಅಂಟಿಕೊಂಡೇ ಇತ್ತಲ್ಲ ಅತ್ತೆ."

ಕೂಸನ್ನು ಕೈಗೆ ಕೊಟ್ಟೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಆಮೇಲೆ ತೀರಾ ಸಹಜವಾಗಿ, ಮೂಗು ಅತ್ತೆಯದೇ ಅಂದಳು. ಬಾಗಿಲಲ್ಲಿ ನಿಂತಿದ್ದ ಮುನಿರತ್ನಮ್ಮ ಎಲ್ಲಿ ಎಂದು ಬಗ್ಗಿ ನೋಡಲು ಬಂದವರು ಅಲ್ಲೇ ಅತ್ತುಬಿಟ್ಟರು. ಮೂವರೂ ಅತ್ತೆವು. ಡಾಕ್ಟ್ರಮ್ಮ ನರ್ಸ್ ಅಳಬಾರದು ಎಂಬ ಕಟ್ಟಳೆ ಹಾಕಿರಲಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದೆ ಎಂದು ಬೀಗುತ್ತಿದ್ದಾಗ ಮೂರನೇ ದಿನ ಮನೆಯಿಂದ ಆಸ್ಪತ್ರೆಗೆ ಮಂಜುಳನ ಫೋನು ಬಂತು. ರವಿಕೆ ಒದ್ದೆಯಾಗುತ್ತಿದೆ, ಇದೇನು ಕಾಯಿಲೆಯೇ ಎಂದು ಕೇಳಿದಳು. ಮಗು ಇಲ್ಲದಿದ್ದರೂ ಹಾಲು ಬರುತ್ತದೆ ಎಂದು ಹೇಳಿ ಕಳಿಸುವುದನ್ನೇ ನಾನು ಮರೆತಿದ್ದೆ. ಅಷ್ಟರಲ್ಲಿ ಮುನಿರತ್ನಮ್ಮ ಹಾಲು ಬತ್ತಲಿ ಎಂದು ಎರಡು ಮೊಳ ಮಲ್ಲಿಗೆ ತರಿಸಿ ಎದೆಗೆ ಕಟ್ಟಿದ್ದರಂತೆ, ಹಳೆಯ ಕಾಲದ ರೂಢಿ. ಯಾಕೆ ಬರುತ್ತದೆ, ಎಷ್ಟು ದಿನ ಬರುತ್ತದೆ ಎಂದು ನಾನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಮಂಜುಳ, "ಅತ್ತೇನೂ ಇದನ್ನೇ ಅಂದ್ರು ಸಿಸ್ಟರ್, ಇಂಗ್ಲಿಷ್ ಇಲ್ದೆ" ಅಂದಳು. ಅಂಥ ದಿನದಲ್ಲೂ ಅವಳಿಗೆ ಚುಚ್ಚುವ ಬುದ್ಧಿ ಇತ್ತು. ಆವತ್ತಿನಿಂದ ಅವಳು ನನಗೆ ಬರೀ ಕೇಸ್ ಆಗಿ ಉಳಿಯಲಿಲ್ಲ.

ಒಂದೂವರೆ ವರ್ಷದ ಮೇಲೆ ಮತ್ತೆ ಬಂದಳು, ಮೂರು ತಿಂಗಳ ಬಸುರಿ. ತಾಯಿ ಕಾರ್ಡು ಬರೆಯುವಾಗ ನಾನು ಎಷ್ಟನೆಯದು ಎಂದು ಕೇಳಬೇಕು, ಅದು ಕ್ರಮ. ಮುನಿರತ್ನಮ್ಮ ಥಟ್ಟನೆ ಚೊಚ್ಚಲು ಅಂದರು. ಅವರದು ಸುಳ್ಳಲ್ಲ. ನಮ್ಮ ಕಡೆ ಮನೆಗೆ ಬಾರದ ಮಗುವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೆನೆದರೆ ಮುಂದಿನದಕ್ಕೆ ತಟ್ಟುತ್ತದೆ ಎಂಬ ನಂಬಿಕೆ. ಮಂಜುಳ ನನ್ನ ಪೆನ್ನನ್ನೇ ನೋಡುತ್ತಿದ್ದಳು. ಅತ್ತೆ ನೀರು ಕುಡಿಯಲು ಆಚೆ ಹೋದದ್ದೇ ತಡ, "ಎರಡು ಅಂತ ಬರೀರಿ ಸಿಸ್ಟರ್" ಅಂದಳು. ನಾನು ಆಗಲೇ ಎರಡು ಎಂದೇ ಬರೆದಿದ್ದೆ. ಹುಡುಗಿಯರೇ, ಇದನ್ನು ನೆನಪಿಡಿ. ಚೊಚ್ಚಲು ಎಂದು ಬರೆದರೆ ಆ ಹೆಂಗಸಿಗೆ ಮುಂದೆ ಸಿಗಬೇಕಾದ ಎಚ್ಚರವೆಲ್ಲ ತಪ್ಪಿಹೋಗುತ್ತದೆ. ಅತ್ತೆಯನ್ನು ಆಚೆ ಕಳಿಸಿ ಇನ್ನೊಮ್ಮೆ ಕೇಳಿ.

ಈ ಸಲದ ಬಸಿರು ಬೇರೆಯೇ ಥರ. ಮಂಜುಳ ಮನೆಗೆ ಒಂದು ಕುಲಾವಿಯನ್ನೂ ತರಲಿಲ್ಲ, ಯಾರಾದರೂ ಬಯಕೆ ಕೇಳಿದರೆ ಮಾತು ಬದಲಾಯಿಸುತ್ತಿದ್ದಳು. ಚೀಟಿಯಲ್ಲಿ ಬರೆದ ದಿನಕ್ಕೆ ಬರುವುದಲ್ಲದೆ ಬರೆಯದ ದಿನಕ್ಕೂ ಬರುತ್ತಿದ್ದಳು. ಕಿರಿಯ ನರ್ಸುಗಳು ಮೇಲೂರು ಬಸ್ಸು ಬಂತು ಎಂದು ನಗುತ್ತಿದ್ದರು. ಡಾಕ್ಟ್ರಮ್ಮ ಅದನ್ನು ಕೇಳಿಸಿಕೊಂಡು, ಅವಳು ದಿನಕ್ಕೆರಡು ಸಲ ಬಂದರೂ ಯಾಕೆ ಬಂದೆ ಎನ್ನಬಾರದು, ಎದೆಬಡಿತ ಕೇಳಿಸಿ ಕಳಿಸಬೇಕು ಎಂದು ಹೇಳಿದರು. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಬಳಿ ಮರದ ಕೊಳವೆ ಇತ್ತು, ಅದರಲ್ಲಿ ಬಡಿತ ನರ್ಸಿಗೆ ಮಾತ್ರ ಕೇಳುತ್ತಿತ್ತು. ಈಗಿನ ಕೈಯಂತ್ರದಲ್ಲಿ ತಾಯಿಗೂ ಕೇಳುತ್ತದೆ. ನನ್ನ ವೃತ್ತಿಯಲ್ಲಿ ಬಂದ ಬದಲಾವಣೆಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಾಣೆ. ಓಡುವ ಕುದುರೆಯ ಹಾಗೆ ಆ ಸದ್ದು ಬರುತ್ತಿದ್ದಂತೆ ಮಂಜುಳನ ಭುಜ ಕೆಳಗಿಳಿಯುವುದು ಕಾಣುತ್ತಿತ್ತು.

ಏಳು ತಿಂಗಳಾದ ಮೇಲೆ ಒದೆತ ಎಣಿಸಲು ಹೇಳಿಕೊಟ್ಟೆ. ಊಟವಾದ ಮೇಲೆ ಎಡ ಮಗ್ಗುಲಿಗೆ ಮಲಗಿ, ಹತ್ತು ಒದೆತ ಬರುವವರೆಗೆ ಎಣಿಸಬೇಕು. ಅವಳು ಹತ್ತು ಕೆಟ್ಟ ಗೂಡು, ಅಂದರೆ ನೂಲು ತೆಗೆಯಲು ಬಾರದ ರೇಷ್ಮೆ ಗೂಡು, ಆರಿಸಿಟ್ಟುಕೊಂಡು ಒಂದೊಂದು ಒದೆತಕ್ಕೆ ಒಂದನ್ನು ಈ ತಟ್ಟೆಯಿಂದ ಆ ತಟ್ಟೆಗೆ ಹಾಕುತ್ತಿದ್ದಳಂತೆ. ಅತ್ತೆ ಮಾತಾಡಿದರೆ ಮಗು ಜೋರಾಗಿ ಒದೆಯುತ್ತದೆ, ಅದಕ್ಕೆ ಎಣಿಸೋ ಹೊತ್ತಿಗೆ ಅವರನ್ನೇ ಕರೆದು ಕೂರಿಸಿಕೊಳ್ತೀನಿ, ಬೇಗ ಮುಗಿಯುತ್ತೆ ಅಂದಳು. ಮುನಿರತ್ನಮ್ಮ ಪಕ್ಕದಲ್ಲೇ ಇದ್ದರು. "ಒದೀಲಿ ಬಿಡಮ್ಮ, ಮೊಮ್ಮಗು ತಾನೇ, ಸೊಸೆ ಒದೆಯೋದಕ್ಕಿಂತ ವಾಸಿ" ಅಂದರು.

ಒಂಬತ್ತನೇ ತಿಂಗಳು ಶುರುವಾಗಿತ್ತು. ಇನ್ನು ಹತ್ತು ದಿನಕ್ಕೆ ಸೇರಿಸಿಕೊಂಡು ಹೆರಿಗೆ ಮಾಡಿಸುವುದೆಂದು ಡಾಕ್ಟ್ರಮ್ಮ ನಿಶ್ಚಯಿಸಿದ್ದರು. ನನ್ನ ನಂಬರನ್ನು ಅವಳಿಗೆ ಕೊಟ್ಟಿದ್ದೆ.

ಅವತ್ತು ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ಅವಳ ಫೋನು ಬಂತು. ಹೆರಿಗೆ ಕೋಣೆಯಲ್ಲಿ ಒಬ್ಬಳಿಗೆ ನೋವು ತೀರಾ ಹೆಚ್ಚಿತ್ತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಮಾತಾಡಿದೆ. ಮಂಜುಳನ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ: "ಸಿಸ್ಟರ್, ಬೆಳಿಗ್ಗೆಯಿಂದ ಜ್ವರಕ್ಕೆ ಕೂತಂಗೈತೆ. ಅತ್ತೆ ಏನಾಗಲ್ಲ ಸುಮ್ನಿರು ಅಂತಾರೆ. ನಿಮ್ಮನ್ನ ಒಂದು ಮಾತು ಕೇಳಣ ಅಂತ."

ಜ್ವರ ಎಷ್ಟಿದೆ ಎಂದು ಕೇಳಿದೆ. ಅವಳು ಸ್ವಲ್ಪ ತಡೆದು, ಬೆಳಿಗ್ಗೆ ಎದ್ದಾಗಿನಿಂದ ಅಂದಳು. ಒಂದು ಪ್ಯಾರಾಸಿಟಮಾಲ್ ತಗೋ, ನೀರು ಚೆನ್ನಾಗಿ ಕುಡಿ, ನಾಳೆ ಬಾ ಅಂದೆ. ಸರಿ ಸಿಸ್ಟರ್ ಎಂದು ಫೋನಿಟ್ಟಳು. ನಾನು ಹೆರಿಗೆ ಕೋಣೆಗೆ ಓಡಿದೆ. ಅಲ್ಲೊಂದು ಗಂಡು ಮಗು ಹುಟ್ಟಿತು, ಮೂರು ಕಿಲೋ, ಎಲ್ಲರೂ ಸಿಹಿ ತಿಂದೆವು.

ಹನ್ನೊಂದೂವರೆಗೆ ಪಾಪಮ್ಮ ಬಂದು ಮಧ್ಯಾಹ್ನ ಬೇಗ ಬಿಡಬೇಕು ಎಂದು ಕೇಳಿಕೊಂಡಳು. ಅವಳೂ ಮೇಲೂರಿನವಳೇ. ಮನೆಯಲ್ಲಿ ಹುಳು ಮೂರನೇ ಜ್ವರಕ್ಕೆ ಕೂತಿವೆ, ಇವತ್ತು ಏಳುತ್ತವೆ, ಸೊಪ್ಪು ಹಾಕಬೇಕು ಅಂದಳು. ಸಿಹಿ ತಿಂದ ಹುರುಪಿನಲ್ಲಿದ್ದ ನಾನು, ನಿಮ್ಮ ಹುಳಕ್ಕೂ ಜ್ವರವೇ, ಎಷ್ಟು ಡಿಗ್ರಿ, ಮಾತ್ರೆ ಕೊಡಲೇ ಎಂದು ತಮಾಷೆ ಮಾಡಿದೆ. ಪಾಪಮ್ಮ ಬಿದ್ದು ಬಿದ್ದು ನಕ್ಕಳು. "ಮೈ ಬಿಸಿ ಆಗೋ ಜ್ವರ ಅಲ್ಲ ಸಿಸ್ಟರ್, ಏನು ಓದಿದೀರ ನೀವು. ಹುಳ ಪೊರೆ ಬಿಡೋಕೆ ಮುಂಚೆ ತಿನ್ನೋದು ಬಿಟ್ಟು ತಲೆ ಎತ್ಕೊಂಡು ಕೂತ್ಬಿಡ್ತವೆ. ಅಲ್ಲಾಡಲ್ಲ. ಅದಕ್ಕೆ ಜ್ವರಕ್ಕೆ ಕೂತ್ಕೊಳ್ಳೋದು ಅಂತೀವಿ."

ಅಲ್ಲಾಡಲ್ಲ.

ನನ್ನ ಕೈಯಲ್ಲಿದ್ದ ಸಿಹಿಯ ಡಬ್ಬಿ ಏನಾಯಿತೋ ತಿಳಿಯದು. ಮಂಜುಳನಿಗೆ ಜ್ವರ ಬಂದಿರಲಿಲ್ಲ. ಅವಳ ಮಗು ಅಲ್ಲಾಡುತ್ತಿರಲಿಲ್ಲ. ಅವಳು ತನ್ನ ಮನೆಯ ಮಾತಿನಲ್ಲಿ, ತೀರಾ ಸ್ಪಷ್ಟವಾಗಿ, ನನಗೆ ಅದನ್ನು ಹೇಳಿದ್ದಳು. ನಾನು ಎರಡು ತಪ್ಪು ಮಾಡಿದ್ದೆ. ಪದ ತಪ್ಪಾಗಿ ತಿಳಿದದ್ದು ಒಂದು. ನಿಜವಾಗಿಯೇ ಜ್ವರವಿದ್ದರೂ ಅಂಥವಳಿಗೆ ನಾಳೆ ಬಾ ಎಂದದ್ದು ಇನ್ನೊಂದು, ಅದಕ್ಕೆ ಯಾವ ನೆಪವೂ ಇಲ್ಲ.

ಫೋನು ಮಾಡಿದೆ, ಎತ್ತಲಿಲ್ಲ. ಅವಳ ಗಂಡ ಗೂಡಿನ ಮಾರುಕಟ್ಟೆಯ ಗದ್ದಲದಲ್ಲಿದ್ದ, ಅವನಿಗೂ ಕೇಳಿಸಲಿಲ್ಲ. ಆಂಬುಲೆನ್ಸು ಚಿಕ್ಕಬಳ್ಳಾಪುರಕ್ಕೆ ಹೋಗಿತ್ತು. ಡಾಕ್ಟ್ರಮ್ಮನ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ತಮ್ಮ ಕಾರಿನ ಚಾಲಕನನ್ನು ಕರೆದು, ನನ್ನ ಕೈಗೆ ಎದೆಬಡಿತದ ಯಂತ್ರ ಕೊಟ್ಟು, ಹೋಗಿ ಕರ್ಕೊಂಡು ಬನ್ನಿ ಅಂದರು. ಅರಿವಳಿಕೆ ಡಾಕ್ಟರು ವಾರದಲ್ಲಿ ಎರಡು ದಿನ ಬರುತ್ತಿದ್ದರು. ಅವತ್ತು ಅವರ ದಿನವಾಗಿತ್ತು. ಆಗಿರದಿದ್ದರೆ ಎಂಬುದನ್ನು ನಾನು ಯೋಚಿಸುವುದಿಲ್ಲ ಎಂದರೆ ಸುಳ್ಳಾಗುತ್ತದೆ.

ದಾರಿ ತೋರಿಸಲು ಪಾಪಮ್ಮ ಮುಂದೆ ಕೂತಳು. ದಾರಿಯುದ್ದಕ್ಕೂ ಚಾಲಕನಿಗೆ ತೆಲುಗಿನಲ್ಲಿ ಬೈಯುತ್ತಿದ್ದಳು, ಪಾಪ ಅವನದೇನೂ ತಪ್ಪಿರಲಿಲ್ಲ. ನನ್ನನ್ನು ಬೈಯಬೇಕಾದದ್ದನ್ನು ಅವನಿಗೆ ಬೈಯುತ್ತಿದ್ದಾಳೆ ಅನ್ನಿಸಿತು.

ಮನೆಯ ಬಾಗಿಲಲ್ಲಿ ಮುನಿರತ್ನಮ್ಮ ತುಟಿಗೆ ಬೆರಳಿಟ್ಟು ನಮ್ಮನ್ನು ತಡೆದರು. ಮೆತ್ತಗೆ ಮಾತಾಡಿ, ಜ್ವರಕ್ಕೆ ಕೂತಿರೋದನ್ನ ಎಬ್ಬಿಸಬಾರದು ಅಂದರು. ಅವರು ಹುಳದ ಮನೆಯ ಬಗ್ಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಇಲ್ಲ, ಒಳಗಿನ ಕೋಣೆ ತೋರಿಸಿದರು. ನಲವತ್ತು ವರ್ಷ ಹುಳು ಸಾಕಿದ ಕೈ ಅದು. ಬೆಳೆಯುವ ಜೀವ ನಡುವೆ ಒಮ್ಮೊಮ್ಮೆ ಅಲ್ಲಾಡದೆ ಕೂರುತ್ತದೆ, ಆಮೇಲೆ ತಾನಾಗಿ ದೊಡ್ಡದಾಗಿ ಏಳುತ್ತದೆ, ಅಷ್ಟರವರೆಗೆ ಮುಟ್ಟಬಾರದು. ಅವರ ಅನುಭವದಲ್ಲಿ ಅದು ನಿಜವಾಗಿತ್ತು. ಮನುಷ್ಯರ ಮಗುವಿಗೆ ಅದು ಸುಳ್ಳು ಎಂದು ಅವರಿಗೆ ಯಾರು ಹೇಳಿದ್ದರು? ನಾನಂತೂ ಹೇಳಿರಲಿಲ್ಲ.

ಮಂಜುಳ ಎಡ ಮಗ್ಗುಲಿಗೆ ಮಲಗಿದ್ದಳು. ಉಸಿರನ್ನೂ ಮೆತ್ತಗೆ ಬಿಡುತ್ತಿದ್ದಳು. ಹತ್ತೂ ಗೂಡು ಮೊದಲ ತಟ್ಟೆಯಲ್ಲೇ ಇದ್ದವು. ನನ್ನನ್ನು ನೋಡಿ, "ಮಾತ್ರೆ ತಗೊಂಡೆ ಸಿಸ್ಟರ್, ಇನ್ನೂ ಎದ್ದಿಲ್ಲ" ಅಂದಳು. ನಾನು ಹೇಳಿದ ಮಾತ್ರೆ ಮಗುವನ್ನು ಎಬ್ಬಿಸುತ್ತದೆ ಎಂದು ನಂಬಿ ನುಂಗಿದ್ದಳು.

ಯಂತ್ರ ಇಟ್ಟೆ. ಮೊದಲು ಬರೀ ಗರಗರ. ಆಮೇಲೊಂದು ಬಡಿತ ಸಿಕ್ಕಿತು, ಅದು ತಾಯಿಯ ನಾಡಿ. ಸ್ವಲ್ಪ ಕೆಳಗೆ ಸರಿಸಿದೆ, ಬಲಕ್ಕೆ ಸರಿಸಿದೆ. ಪಾಪಮ್ಮ ನನ್ನ ಬೆನ್ನಿಗೆ ಕೈಯಿಟ್ಟಿದ್ದಳು. ಆಗ ಕೇಳಿಸಿತು, ಓಡುವ ಕುದುರೆಯಲ್ಲ, ದಣಿದು ಹೆಜ್ಜೆ ಎಳೆಯುವ ಕುದುರೆ. ಆದರೂ ನಡೆಯುತ್ತಿತ್ತು. ಇದೆ ಅಂದೆ. ಆಮೇಲಿನದೆಲ್ಲ ಓಟ. ಮುನಿರತ್ನಮ್ಮ ಬರಿಗಾಲಲ್ಲೇ ಕಾರು ಹತ್ತಿದರು.

ಹೊಟ್ಟೆಯಲ್ಲಿ ಮಗುವಿನ ಸುತ್ತಲಿನ ನೀರು ಬತ್ತಿತ್ತು. ಡಾಕ್ಟ್ರಮ್ಮ ಆಪರೇಷನ್ ಮಾಡಿ ಮಗುವನ್ನು ತೆಗೆದು ನನ್ನ ಕೈಗೆ ಕೊಟ್ಟಾಗ ಅದು ನೀಲಿಗಟ್ಟಿತ್ತು, ಅಳಲಿಲ್ಲ. ಒರೆಸಿದೆ, ಬೆನ್ನು ಉಜ್ಜಿದೆ, ಬಾಯಿ ಮೂಗಿನ ಲೋಳೆ ಎಳೆದು ತೆಗೆದೆ, ಗಾಳಿಚೀಲ ಒತ್ತಿ ಉಸಿರು ಕೊಟ್ಟೆ. ಸಾವಿರ ಸಲ ಮಾಡಿದ ಕೆಲಸ, ಕೈ ತಾನೇ ಮಾಡುತ್ತಿತ್ತು. ನನ್ನ ತಲೆಯಲ್ಲಿ ಮಾತ್ರ ಒಂಬತ್ತೂಮುಕ್ಕಾಲರಿಂದ ಹನ್ನೊಂದೂವರೆ, ಒಂಬತ್ತೂಮುಕ್ಕಾಲರಿಂದ ಹನ್ನೊಂದೂವರೆ ಎಂದು ಓಡುತ್ತಿತ್ತು. ಆರನೆಯದೋ ಏಳನೆಯದೋ ಉಸಿರಿಗೆ ಅದು ಮುಖ ಗಂಟಿಕ್ಕಿ, ಬಹಳ ಬೇಸರಪಟ್ಟುಕೊಂಡವರಂತೆ ಒಮ್ಮೆ ಕೆಮ್ಮಿ, ಅತ್ತಿತು. ಹೆಣ್ಣು. ಎರಡು ಕಿಲೋ ನೂರು ಗ್ರಾಂ. ಹೊರಗೆ ಪಾಪಮ್ಮ ಅಳು ಕೇಳಿಸಿಕೊಂಡು, ಎದ್ದಿತು ಎಂದು ಎಲ್ಲರಿಗೂ ಸಾರಿದಳು.

ಡಾಕ್ಟ್ರಮ್ಮ ಬೈಯಲಿಲ್ಲ. ಕೇಸ್ ಶೀಟನ್ನು ನನ್ನ ಮುಂದಿಟ್ಟು, ಬೆಳಿಗ್ಗೆ ಫೋನು ಬಂದದ್ದನ್ನೂ ನೀವು ಹೇಳಿದ್ದನ್ನೂ ಬರೆಯಿರಿ ಅಂದರು. ಬರೆದೆ. ಮರುವಾರ ಎಲ್ಲ ನರ್ಸುಗಳನ್ನು ಕೂರಿಸಿ ಪಾಪಮ್ಮನಿಂದ ಪಾಠ ಮಾಡಿಸಿದರು. ನಾನು ಏಳನೇ ಕ್ಲಾಸು, ಇವರೆಲ್ಲ ಕಾಲೇಜು ಎಂದು ಮೊದಲು ನಾಚಿದವಳು, ಹತ್ತು ನಿಮಿಷದಲ್ಲಿ ನಮ್ಮನ್ನೇ ಪ್ರಶ್ನೆ ಕೇಳಿ ತಬ್ಬಿಬ್ಬು ಮಾಡಿದಳು. ಹೊಟ್ಟೆ ಕಲ್ಲಾಗಿದೆ ಅಂದರೆ ಏನು, ಮಗು ಮಂಕಾಗಿದೆ ಅಂದರೆ ಏನು, ಜ್ವರಕ್ಕೆ ಕೂತಿದೆ ಅಂದರೆ ಏನು. ಆ ಪಟ್ಟಿ ಗೋಡೆಗೆ ಬಂತು. ನಾಳೆ ಬಾ ಎಂಬ ಮಾತನ್ನು ಫೋನಿನಲ್ಲಿ ಯಾರೂ ಆಡಕೂಡದು ಎಂದಾಯಿತು. ಬಸುರಿಯರ ತರಗತಿಯಲ್ಲಿ, ಹುಳು ಕೂರುತ್ತದೆ, ಕೂಸು ಕೂರುವುದಿಲ್ಲ, ಸುಮ್ಮನಾದರೆ ಆ ಕ್ಷಣವೇ ಹೊರಡಿ ಎಂದು ಹೇಳತೊಡಗಿದೆವು. ಹಾಗೆ ಹೇಳಿದರೆ ಈ ಕಡೆಯ ಹೆಂಗಸರಿಗೆ ಒಮ್ಮೆಗೇ ತಿಳಿಯುತ್ತದೆ.

ನಿವೃತ್ತಿಯಾದ ಮೇಲೂ ಬೆಳಿಗ್ಗೆ ಗಿಡಗಳಿಗೆ ನೀರು ಹಾಕುವಾಗ ಆ ಫೋನು ನನಗೆ ಬರುತ್ತದೆ. ಬೆಳಿಗ್ಗೆಯಿಂದ ಜ್ವರಕ್ಕೆ ಕೂತಂಗೈತೆ ಎನ್ನುತ್ತಾಳೆ. ಪ್ರತಿಸಲವೂ ನಾನು ಈಗಲೇ ಹೊರಡು ಎನ್ನುತ್ತೇನೆ. ಕೊಳಗ ತುಂಬಿ ನೀರು ಕಾಲಿಗೆ ಚೆಲ್ಲಿದಾಗ ಎಚ್ಚರವಾಗುತ್ತದೆ.

ಮಂಜುಳನಿಗೆ ಹೆರಿಗೆಯಾದ ಮೂರನೇ ದಿನ ನನ್ನ ತಪ್ಪನ್ನು ಹೇಳಿ ಕ್ಷಮಿಸು ಅಂದೆ. ಅವಳು ಮಗುವಿನ ಹೊದಿಕೆ ಸರಿಮಾಡಿದಳು. ಆಮೇಲೆ, ಇನ್ಮೇಲೆ ನಾನು ಮಗು ಅಲ್ಲಾಡ್ತಿಲ್ಲ ಅಂತಲೇ ಹೇಳ್ತೀನಿ, ನೀವು ಏನಮ್ಮ ಹಂಗಂದ್ರೆ ಅಂತ ಕೇಳಿ ಅಂದಳು. ಅದಕ್ಕಿಂತ ಹೆಚ್ಚು ಕ್ಷಮೆ ನನಗೆ ಬೇಕಿರಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಸುತ್ತು ಹೋದಾಗ ಮಗು ಹಾಲು ಕುಡಿದು ಮಲಗಿತ್ತು. ಮಂಜುಳ ಕೂತು ಅದನ್ನೇ ನೋಡುತ್ತಿದ್ದಳು, ರೆಪ್ಪೆ ಹೊಡೆಯದೆ. ಅರ್ಧ ಗಂಟೆಯಿಂದ ಅಲ್ಲಾಡಿಲ್ಲ ಸಿಸ್ಟರ್ ಅಂದಳು. ನಾನು ಬಗ್ಗಿ ನೋಡಿದೆ. ಮೈ ಕೆಂಪಗೆ ಚೆನ್ನಾಗಿತ್ತು, ಎದೆ ಏರಿಳಿಯುತ್ತಿತ್ತು, ಏನೂ ತೊಂದರೆಯಿರಲಿಲ್ಲ. ಹಸುಗೂಸು ದಿನವಿಡೀ ನಿದ್ದೆ ಮಾಡುತ್ತದೆ, ಮಲಗಿದ ಮಗುವನ್ನು ಸುಮ್ಮಸುಮ್ಮನೆ ಎಬ್ಬಿಸಬಾರದು. ಸಾವಿರಾರು ತಾಯಂದಿರಿಗೆ ಹೇಳಿದ ಈ ಮಾತನ್ನು ಅವಳಿಗೂ ಹೇಳಲು ಬಾಯಿ ತೆರೆದೆ. ಅವಳು ನನ್ನ ಮುಖ ನೋಡಿದಳು. ನಾನು ಮಗುವಿನ ಮುಖ ನೋಡಿದೆ. ಆಮೇಲೆ ಅದರ ಪುಟ್ಟ ಅಂಗಾಲಿಗೆ ಬೆರಳಿನಿಂದ ಪಟ್ಟನೆ ಒಂದು ಕೊಟ್ಟೆ.

ಇಡೀ ವಾರ್ಡು ತಿರುಗಿ ನೋಡುವಂತೆ ಅತ್ತಿತು. ಕಾಫಿ ಫ್ಲಾಸ್ಕು ಹಿಡಿದು ಒಳಗೆ ಬರುತ್ತಿದ್ದ ಮುನಿರತ್ನಮ್ಮ ಎಲ್ಲವನ್ನೂ ಕಣ್ಣಾರೆ ಕಂಡಿದ್ದರು. "ಮಲಗಿರೋ ಮಗೂನ ಹೊಡೆದು ಎಬ್ಬಿಸ್ತಾರೇನಮ್ಮ ಯಾರಾದ್ರೂ? ಇವಳಿಗೆ ಬುದ್ಧಿ ಇಲ್ಲ ಸರಿ, ತಲೆ ನರೆತಿರೋ ನಿಮಗೇನಾಗೈತೆ?" ಎಂದು ಶುರು ಮಾಡಿದರು. ಮಂಜುಳ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನು ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡಲು ಹೋದೆ.

"ಇರ್ಲಿ ಬಿಡಿ ಸಿಸ್ಟರ್," ಅಂದಳು, "ಸ್ವಲ್ಪ ಹೊತ್ತು ಅಳ್ಲಿ."

ನಾವಿಬ್ಬರೂ ಕೇಳುತ್ತಾ ಕೂತೆವು. ಮುನಿರತ್ನಮ್ಮ ಫ್ಲಾಸ್ಕನ್ನು ಕೆಳಗಿಟ್ಟು, ಬೈಗುಳ ನಿಲ್ಲಿಸದೆಯೇ, ಮಂಚದ ತುದಿಯಲ್ಲಿ ಕೂತರು.